ಬಿರಾಗೋ ಕೊಡದ ಅಸೆದಾ

ಬಿರಾಗೋ ಹೊಟ್ಟೆಗೆ ದಿಂಬು ಒತ್ತಿಕೊಂಡು, ಹೊಲಿಗೆ ಎಳೆಯದ ಹಾಗೆ ಹುಷಾರಾಗಿ ಕೆಮ್ಮುತ್ತಿದ್ದಾಗ ಅವಳ ತಮ್ಮ ಅಂಪೋಫೋ ಚರ್ಚಿನಲ್ಲಿ ದೇವರಿಗೆ ಅಸೆದಾ, ಅಂದರೆ ಕೃತಜ್ಞತೆ, ಸಲ್ಲಿಸಿ ಮುಗಿಸಿಕೊಂಡು ಬಂದ. ಮೈಮೇಲೆ ಹೊಸ ಬಿಳಿ ಬಟ್ಟೆ, ಕುತ್ತಿಗೆಯ ಸುತ್ತ ಬಿಳಿ ಪೌಡರು, ಮುಖದ ತುಂಬ ಬೆವರು. ಕತ್ತಿಗೆ ಮೈ ಕೊಟ್ಟವಳು ಅಕ್ಕ. ಯುದ್ಧ ಗೆದ್ದು ಬಂದ ಠೀವಿ ತಮ್ಮನದು. ಅವನ ಹಿಂದೆ ಬಿರಾಗೋಳ ಮಗಳು ಪೊಕುವಾ ಒಂದು ಪಾತ್ರೆ ಕೋಳಿ ಸಾರು ಹಿಡಿದುಕೊಂಡು ಬಂದಳು. ಅವಳೂ ಬಿಳಿ ಉಟ್ಟಿದ್ದಳು. ತಾಯಿಯ ಮುಖ ನೋಡಲು ಧೈರ್ಯ ಸಾಲದೆ ನೇರ ಅಡುಗೆಮನೆಗೆ ಹೋದಳು.

"ಏನು ಕುಣಿದ್ವಿ ಅಂತೀಯಾ ಅಕ್ಕಾ! ಬ್ಯಾಂಡಿನವರ ತೋಳು ಸೋತು ಹೋಯ್ತು, ನಾವು ನಿಲ್ಲಿಸಲಿಲ್ಲ."

"ನನ್ನ ಗರ್ಭಕೋಶ ಹೋಯ್ತು ಅಂತ ನೀನು ಕುಣಿದ್ಯಾ?"

"ರೋಗ ಹೋಯ್ತು ಅಂತ! ಡಾಕ್ಟರಮ್ಮನೇ ಹೇಳಲಿಲ್ವಾ, ಎಲ್ಲಾ ತೆಗೆದಿದ್ದೀವಿ ಅಂತ? ನಾನು ಕುಟುಂಬದ ಯಜಮಾನ. ನನ್ನ ಕೈಯಾರೆ ಅಸೆದಾ ಕೊಟ್ಟು ಬಂದೆ. ಮುಗೀತು."

ಮುಗೀತು ಅಂದವನು ಅಡುಗೆಮನೆಯ ಕಡೆ ತಿರುಗಿ ಫುಫು ಮುದ್ದೆ ಆಯಿತೇ ಎಂದು ಕೂಗಿದ. ಅಂಪೋಫೋನ ಬದುಕಿನಲ್ಲಿ ಯಾವ ದೊಡ್ಡ ವಿಷಯ ಮುಗಿದರೂ ಮುಂದಿನ ವಿಷಯ ಊಟ.

ಡಾಕ್ಟರು ಹಾಗೆ ಹೇಳಿದ್ದು ನಿಜವೇ. ಕುಮಾಸಿ ನಗರದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರ್ ಲಾಮಿಸಿ, ಮುಖದ ಬಟ್ಟೆ ಕೆಳಗೆಳೆದು, "ಎಲ್ಲಾ ತೆಗೆದಿದ್ದೀವಿ" ಅಂದಳು. ಗರ್ಭಕೋಶ, ಎರಡೂ ಅಂಡಾಶಯ, ಪಕ್ಕದ ಗಂಟುಗಳು, ಇಷ್ಟು ಅವಳ ಲೆಕ್ಕದ ಎಲ್ಲಾ. ಅಂಪೋಫೋ ಅಷ್ಟು ಕೇಳಿದ್ದೇ ತಡ ಫೋನು ಕಿವಿಗಿಟ್ಟುಕೊಂಡು ಊರಿಗೆಲ್ಲ ಸಾರಲು ಅಂಗಳಕ್ಕೆ ಓಡಿದ. ಲಾಮಿಸಿಯ ಎರಡನೆಯ ಮಾತು ಕೇಳಲು ಉಳಿದವಳು ಪೊಕುವಾ ಒಬ್ಬಳೇ. ಆ ಮಾತು ಇದು: ಈ ಗಡ್ಡೆ ಸಾಧಾರಣ ಜಾತಿಯದಲ್ಲ, ಬಹಳ ಜೋರಿನದು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಳಗೆಲ್ಲೋ ಚೆಲ್ಲಿರಬಹುದು, ಅದಕ್ಕೇ ಗಾಯ ಮಾಗಿದ ಮೇಲೆ ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ ಹನಿಸಬೇಕು, ಅದಾದ ಮೇಲೆ ಒಳಗಿನಿಂದ ವಿಕಿರಣದ ಶಾಖ ಕೊಡಬೇಕು, ನಡುವೆ ಬಿಟ್ಟರೆ ಆಪರೇಷನ್ ಮಾಡಿದ್ದೂ ದಂಡ. ಪೊಕುವಾ ಇದನ್ನು ಮಾವನಿಗೆ ಹೇಳಲು ಹೋದಳು. "ವೋಫಾ, ಇನ್ನೂ ಇದೆಯಂತೆ" ಅಂದಳು. ತಾಯಿಯ ತಮ್ಮನಿಗೆ ಅಲ್ಲಿ ವೋಫಾ ಅನ್ನುತ್ತಾರೆ; ಅವನು ಮಾತಾಡುವಾಗ ಸೊಸೆಯಂದಿರು ಬಾಯಿ ಮುಚ್ಚುತ್ತಾರೆ. ಅವನು ಮಾತಾಡುತ್ತಲೇ ಇದ್ದ.

ಮುಗೀತು ಅನ್ನುವುದರಲ್ಲೂ ಅವನದೊಂದು ಕಾನೂನು ಇತ್ತು. ಆ ಸೀಮೆಯ ಅಶಾಂತಿ ಎಂಬ ಬುಡಕಟ್ಟಿನ ಜನರಲ್ಲಿ ಯಾರಾದರೂ ಭೂಮಿ ದಾನ ಕೊಟ್ಟರೆ, ಪಡೆದವನು ನಾಲ್ಕು ಜನರ ಎದುರು ಒಂದು ಬಾಟಲಿ ಶ್ನ್ಯಾಪ್ಸ್ ಸಾರಾಯಿ ಇಟ್ಟು ಕೃತಜ್ಞತೆ ಹೇಳುತ್ತಾನೆ. ಅದು ಅಸೆದಾ. ಜಗಳ ತೀರ್ಮಾನವಾದರೂ ಅಷ್ಟೇ. ಅಸೆದಾ ಕೊಟ್ಟ ಮೇಲೆ ದಾನ ಕೊಟ್ಟವನು ವಾಪಸ್ ಕೇಳುವ ಹಾಗಿಲ್ಲ, ಪಡೆದವನು ಸಾಲದು ಅನ್ನುವ ಹಾಗಿಲ್ಲ. ಬಾಗಿಲಿಗೆ ಬೀಗ ಬಿದ್ದಂತೆ. ಚರ್ಚಿನಲ್ಲಿ ಬಿಳಿ ಉಟ್ಟು ಕುಣಿಯುವುದಕ್ಕೂ ಅದೇ ಹೆಸರು. ತೋಟ, ತಕರಾರಿಗೆ ಹಾಕುವ ಬೀಗವನ್ನು ಕ್ಯಾನ್ಸರಿಗೂ ಹಾಕಿ ಬಂದ ಬುದ್ಧಿವಂತ ಅಂಪೋಫೋ. ಗಡ್ಡೆಗೆ ಈ ಕಾನೂನು ಯಾರೂ ತಿಳಿಸಿರಲಿಲ್ಲ.

ಬಿರಾಗೋ ತಮ್ಮನ ಮಾತಿಗೆ ಬೆಲೆ ಕೊಟ್ಟವಳೇ ಅಲ್ಲ. ಅವಳು ಬಂಟಾಮಾದ ಓಣಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬದುಕಿದ ವಿಧವೆ. ಚರ್ಚಿನ ಅರ್ಧ ಹೆಂಗಸರ ಸೊಂಟದ ಸುತ್ತಳತೆ ಬಲ್ಲವಳಿಗೆ ಅವರ ಭಕ್ತಿಯ ಮೇಲೆ ಹೆಚ್ಚಿನ ಗೌರವ ಉಳಿದಿರಲಿಲ್ಲ. ಡಾಕ್ಟರ ಎರಡನೆಯ ಮಾತನ್ನು ಮಗಳ ಬಾಯಿಂದ ಕೇಳಿದವಳು, ಗಾಯ ಮಾಗಿದ್ದೇ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಜೊತೆಗೆ ಮನೆಯವರೊಬ್ಬರು ಇಲ್ಲದಿದ್ದರೆ ಔಷಧಿ ಹಾಕುವುದಿಲ್ಲವೆಂದು ಅಲ್ಲಿ ಮೊದಲೇ ಹೇಳಿದ್ದರು. ಹಾಗೆ ಹೇಳಿದ್ದು ಸರಿಯಾಗೇ ಇತ್ತು. ಮೊದಲ ಸಲ ಔಷಧಿ ಇಳಿದ ಮೇಲೆ ಬಿರಾಗೋ ಟ್ರೊಟ್ರೊ ವ್ಯಾನಿನಿಂದ ಇಳಿಯುತ್ತಲೇ ಕಾಲು ಸೋತು ಮೆಣಸಿನಕಾಯಿ ಮಾರುವವಳ ಬುಟ್ಟಿಯ ಮೇಲೆ ಕುಳಿತುಬಿಟ್ಟಳು. ಪೊಕುವಾ ಇಲ್ಲದಿದ್ದರೆ ಅಲ್ಲೇ ಇರುತ್ತಿದ್ದಳೇನೋ.

ಎರಡನೆಯ ಸಲಕ್ಕೆ ಮೊದಲೇ ಕೂದಲು ಉದುರಿತು. ಬಾಚಣಿಗೆಯಲ್ಲಿ ಬಂತು, ದಿಂಬಿನಲ್ಲಿ ಬಂತು, ಸಾರಿನಲ್ಲೂ ಬಂತು. ಬಿರಾಗೋ ರೇಗಿ ಉಳಿದದ್ದನ್ನೂ ಬೋಳಿಸಿಕೊಂಡಳು. ಬೆರಳ ತುದಿ ಜೋಮು ಹಿಡಿದು ಸೂಜಿ ಚುಚ್ಚಿದ್ದು ತಿಳಿಯುತ್ತಿರಲಿಲ್ಲ; ಬಿಳಿ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡ ಮೇಲೆ ಓಹೋ ಎನ್ನುತ್ತಿದ್ದಳು. ಬಾಯಿಗೆ ಮೆಕ್ಕೆಜೋಳದ ಕೆಂಕಿ ಉಂಡೆಯೂ ಕಬ್ಬಿಣ, ಮೀನೂ ಕಬ್ಬಿಣ. ಆದರೂ ಹೆದರಿಕೆ ಎಂಬುದು ಅವಳಿಗೆ ಇದ್ದದ್ದು ಒಂದಕ್ಕೇ: ಔಷಧಿ ನಡುವೆ ನಿಂತುಹೋದರೆ? ಬದುಕಬೇಕೆಂಬ ಆಸೆ ಅವಳಿಗೆ ಜೋರಾಗಿತ್ತು, ಅದನ್ನು ಮುಚ್ಚಿಡುವ ನಾಚಿಕೆಯೂ ಇರಲಿಲ್ಲ. ಬೋಳು ತಲೆ ನೋಡಿ ದಾರಿಯಲ್ಲಿ ಎದುರಾದ ಒಬ್ಬಾಕೆ, "ಅಯ್ಯೋ ತಾಯೀ, ಯಾರು ತೀರಿಕೊಂಡ್ರು?" ಅಂದಳು. ಆ ಸೀಮೆಯಲ್ಲಿ ಹೆಂಗಸು ತಲೆ ಬೋಳಿಸುವುದು ಹತ್ತಿರದವರು ಸತ್ತಾಗ.

"ಯಾರೂ ಇಲ್ಲ ಕಣೇ. ಸಾಯಬೇಕಾದವರೆಲ್ಲ ಇನ್ನೂ ಚರ್ಚಲ್ಲಿ ಕುಣೀತಿದ್ದಾರೆ" ಅಂದು ಬಿರಾಗೋ ಮುಂದೆ ಹೋದಳು.

ಈ ಮಾತು ಅದೇ ಸಂಜೆಗೆ ಚರ್ಚು ಮುಟ್ಟಿತು. ಯಾರಿಗೆ ಗುಣವಾಯಿತೆಂದು ಮೈಕಿನಲ್ಲಿ ಸಾರಿದ್ದರೋ ಆ ಹೆಂಗಸು ಬೋಳು ತಲೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ತಿರುಗಿದರೆ ಪಾದ್ರಿಯ ಮರ್ಯಾದೆ ಏನಾಗಬೇಕು? ಪಾದ್ರಿಗೆ ಅಲ್ಲಿ ಓಸೊಫೊ ಅನ್ನುತ್ತಾರೆ. ಬೈದೂ ಎಂಬ ಹೆಸರಿನ ಆ ಓಸೊಫೊ, ತಾನು ಬರುವ ಮೊದಲು ದುಫಿಯೆಯನ್ನು ಕಳಿಸಿದ.

ದುಫಿಯೆ ಎಂದರೆ ಆ ಚರ್ಚಿನ ಪ್ರದರ್ಶನದ ಗೊಂಬೆ. ಎರಡು ವರ್ಷದ ಕೆಳಗೆ ಅವಳಿಗೂ ಇದೇ ರೋಗ, ಇದೇ ಆಪರೇಷನ್. ಆಮೇಲೆ ಅಸೆದಾ ಕೊಟ್ಟವಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ತಿಂಗಳಿಗೊಮ್ಮೆ ಬಿಳಿ ಉಟ್ಟು, ಮೈಕು ಹಿಡಿದು, "ನನ್ನ ನೋಡಿ! ಒಂದು ಸೂಜಿ ಇಲ್ಲ, ಒಂದು ಮಾತ್ರೆ ಇಲ್ಲ!" ಎಂದು ಕುಣಿಯುವುದು ಅವಳ ಕೆಲಸ. ಹೊಸಬರು ಬಂದ ದಿನ ಎರಡು ಸಲ ಕುಣಿಯುವಳು. ಬಿರಾಗೋಗೆ ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ದುಫಿಯೆ ಬರುವಾಗ ತನ್ನ ಬಿಳಿ ಕಾಬಾ ರವಿಕೆಯನ್ನೂ ತಂದಿದ್ದಳು. "ಬಿರಾಗೋ ಅಕ್ಕಾ, ಮತ್ತೆ ಬಿಗಿ ಆಗಿದೆ. ಸ್ವಲ್ಪ ಸಡಿಲ ಮಾಡಿಕೊಡು. ದೇವರ ಕೃಪೆಗೆ ಮೈ ಬರ್ತಾ ಇದೆ ನೋಡು."

"ನಿನ್ನ ದೇವರು ಹೊಟ್ಟೆಗೆ ಮಾತ್ರ ಕೃಪೆ ಮಾಡ್ತಾನೇನೇ? ತೋಳು ನೋಡು, ಕಡ್ಡಿ."

"ಉಪವಾಸ ಪ್ರಾರ್ಥನೆ ಅಕ್ಕಾ, ಅದಕ್ಕೇ. ನೀನೂ ಆ ವಿಷ ಬಿಡು. ನಾನು ಇಲ್ವಾ, ಆರಾಮಾಗಿ?"

ಬಿರಾಗೋ ಟೇಪು ತೆಗೆದುಕೊಂಡು ಅವಳ ಸೊಂಟಕ್ಕೆ ಸುತ್ತಿದಳು. ಈ ರವಿಕೆಯ ಹೊಲಿಗೆ ಬಿಚ್ಚಿ ದೊಡ್ಡದು ಮಾಡುವುದು ಇದೇ ಮೊದಲಲ್ಲ. ಒಳಗೆ ಬಿಟ್ಟಿದ್ದ ಬಟ್ಟೆ ಹಿಂದಿನ ಸಲವೇ ಮುಗಿದು, ಈಗ ಪಕ್ಕಕ್ಕೆ ಬೇರೆ ತುಂಡು ಕೂಡಿಸಬೇಕಾಗಿತ್ತು. ತೋಳಿನ ಕಡೆ ಮಾತ್ರ ಪ್ರತಿ ಸಲ ಹಿಡಿದು ಹೊಲಿಯಬೇಕು. ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚರ್ಮದ ಚೀಲದ ಹಾಗೆ ಬಿಗಿ. ಅದು ಕೊಬ್ಬಲ್ಲ ಎಂದು ಬಿರಾಗೋಗೆ ಚೆನ್ನಾಗಿ ಗೊತ್ತಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅಂಥ ಹೊಟ್ಟೆ ಹೊತ್ತವರನ್ನು ಅವಳು ಕಂಡಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ದುಫಿಯೆ ಕನ್ನಡಿ ನೋಡಿಕೊಂಡು, ಬರುವ ಭಾನುವಾರ ಹೇಳಬೇಕಾದ ಸಾಕ್ಷಿಯನ್ನು ಗುನುಗಲು ಶುರುಮಾಡಿದಳು: ಒಂದು ಸೂಜಿ ಇಲ್ಲ, ಒಂದು ಮಾತ್ರೆ ಇಲ್ಲ. ಕುಣಿ, ಕುಣಿದುಕೊಂಡು ಸಾಯಿ, ನನಗೇನು ಎಂದುಕೊಂಡ ಬಿರಾಗೋ ಬಾಯಿ ಮುಚ್ಚಿಕೊಂಡಳು. ಬಟ್ಟೆ ಹೊಲಿದು ಕಳಿಸಿದಳು.

ಮೂರನೆಯ ಔಷಧಿಯ ಹಿಂದಿನ ದಿನ ಕುಟುಂಬದ ಪಂಚಾಯಿತಿ ಸೇರಿತು. ಅಂಗಳದ ಮಾವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಅಂಪೋಫೋ ನಡುವೆ ಕೂತ. ಪಕ್ಕಕ್ಕೆ ಓಸೊಫೊ ಬೈದೂ, ಮೂಗಿನ ತುದಿಯಲ್ಲಿ ಚಿನ್ನದ ಬಣ್ಣದ ಕನ್ನಡಕ. ಅವನ ಪಕ್ಕಕ್ಕೆ ಜೀವಂತ ಸಾಕ್ಷಿಯಾಗಿ ದುಫಿಯೆ. ಕುಟುಂಬದ ನಾಲ್ಕಾರು ಹಿರಿಯರು ಹಿಂದೆ ಕೂತಿದ್ದರು, ಊಟ ಇದೆಯೆಂದು ಗೊತ್ತಾಗಿ ಬಂದವರು. ಪೊಕುವಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

ಓಸೊಫೊ ಗಂಟಲು ಸರಿಮಾಡಿಕೊಂಡ. "ತಾಯೀ, ಯಾರಾದ್ರೂ ಒಂದು ಕುರಿ ಕೊಟ್ರೆ, ನೀನು ಕೃತಜ್ಞತೆ ಹೇಳ್ತೀಯ. ಆಮೇಲೆ ಅದೇ ಕುರೀನ ಸಂತೇಲಿ ಕೊಳ್ಳೋಕೆ ಹೋದ್ರೆ, ಕೊಟ್ಟವನಿಗೆ ಏನನ್ನಿಸುತ್ತೆ? ದೇವರಿಗೂ ಮಾನ ಇಲ್ವಾ?"

"ಓಸೊಫೊ, ಹೋದ ವರ್ಷ ನಿಮ್ಮ ಕಣ್ಣು ನೆಟ್ಟಗಾಯ್ತು ಅಂತ ಮೂರು ವಾರ ಪ್ರಾರ್ಥನೆ ನಡೀತಲ್ಲ?"

"ಹೌದು. ದೇವರಿಗೆ ಸ್ತೋತ್ರ."

"ಹಾಗಿದ್ರೆ ಮೂಗಿನ ಮೇಲೆ ಇರೋದೇನು? ಅದನ್ನ ಯಾವ ಸಂತೇಲಿ ಕೊಂಡ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದ ಹಾಗೆ ಮಾಡಿದರು. ಓಸೊಫೊ ಕನ್ನಡಕ ತೆಗೆದ. ಎದುರಿಗೆ ಏನೂ ಕಾಣಿಸದೆ ಮತ್ತೆ ಹಾಕಿಕೊಂಡ.

ಅಂಪೋಫೋ ಕುರ್ಚಿಯ ಕೈ ಗುದ್ದಿದ. "ನಗೋದು ಸಾಕು! ಅಕ್ಕಾ, ಕೇಳು. ಕುಟುಂಬದ ಪರವಾಗಿ ನಾನು ಅಸೆದಾ ಕೊಟ್ಟಿದ್ದೀನಿ. ಮುಚ್ಚಿದ ವಿಷಯಾನ ನೀನು ಬಿಚ್ಚಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ನಾಳೆ ನೀನು ಹೋಗೋ ಹಾಗಿಲ್ಲ. ಪೊಕುವಾ ನಿನ್ನ ಜೊತೆ ಬರೋ ಹಾಗಿಲ್ಲ. ಹಟ ಮಾಡಿ ಹೋದ್ಯೋ, ನೀನು ಸತ್ತ ದಿನ ಈ ಕುಟುಂಬದ ಒಂದು ಹೆಗಲೂ ನಿನ್ನ ಹೆಣಕ್ಕೆ ಬರಲ್ಲ. ಹೂಳೋರಿಲ್ಲದೆ ಕೊಳೀತೀಯ."

ಅಶಾಂತಿ ಜನರಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಜೀವವಿರುವಾಗ ಒಂದು ಲೋಟ ನೀರು ಕೊಡದ ಕುಟುಂಬವೂ ಹೆಣಕ್ಕೆ ಬ್ಯಾಂಡು ತರಿಸುತ್ತದೆ. ಬಿರಾಗೋ ಮಗಳ ಕಡೆ ನೋಡಿದಳು. ಪೊಕುವಾ ನೆಲ ನೋಡುತ್ತಿದ್ದಳು. ಜೊತೆಗೆ ಯಾರೂ ಇಲ್ಲವೆಂದರೆ ನಾಳೆ ಆಸ್ಪತ್ರೆಯವರು ವಾಪಸ್ ಕಳಿಸುತ್ತಾರೆ. ವಾಪಸ್ ಕಳಿಸಿದರೆ ಒಳಗೆ ಚೆಲ್ಲಿರುವುದು ಬೇರೂರುತ್ತದೆ. ಅತ್ತು ಕೇಳಿಕೊಂಡರೆ ಬಿಡುತ್ತಾನೇನೋ ಎಂದೂ ಅನ್ನಿಸಿತು. ಆಮೇಲೆ ಅವನ ಕುತ್ತಿಗೆಯ ಮಡಿಕೆಯಲ್ಲಿ ಇವತ್ತೂ ಬಳಿದುಕೊಂಡು ಬಂದಿದ್ದ ಬಿಳಿ ಪೌಡರು ಕಣ್ಣಿಗೆ ಬಿದ್ದು ಅಳು ಹಿಂದಕ್ಕೆ ಹೋಯಿತು.

"ಅಂಪೋಫೋ, ನಮ್ಮ ದೊಡ್ಡಮಾವ ತನ್ನ ಕೋಕೋ ತೋಟಾನ ನಮ್ಮ ಕುಟುಂಬದ ಎನ್ಟಿಗೆ ಬರೆದುಕೊಟ್ಟಿದ್ದು ನೆನಪಿದ್ಯಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಎನ್ಟಿ ಅವತ್ತು ಊರಲ್ಲಿ ಇರಲಿಲ್ಲ. ಅವನ ಪರವಾಗಿ ಅವನ ಗೆಳೆಯ ಬಾಟಲಿ ಇಟ್ಟ. ಆಗ ಇದೇ ಮರದ ಕೆಳಗೆ ಎದ್ದು ನಿಂತು ಗಂಟಲು ಹರಕೊಂಡಿದ್ದು ಯಾರು? ಪಡೆದವನು ತನ್ನ ಕೈಯಾರೆ ಇಡಬೇಕು, ಇಲ್ಲಾ ತನ್ನ ಬಾಯಾರೆ ಹೇಳಿ ಕಳಿಸಬೇಕು, ಇಲ್ಲದಿದ್ರೆ ಅದು ಅಸೆದಾನೇ ಅಲ್ಲ ಅಂದಿದ್ದು ಯಾರು? ತೋಟ ಈಗ ಯಾರ ಹತ್ರ ಇದೆ?"

ತೋಟ ಅಂಪೋಫೋನ ಹತ್ತಿರವೇ ಇತ್ತು.

"ನನ್ನ ಹೊಟ್ಟೆ ನಂದು. ಅವತ್ತು ನಾನು ಮಂಚದ ಮೇಲೆ ಇದ್ದೆ. ನಾನು ನಿನ್ನ ಕಳಿಸಲಿಲ್ಲ, ಕೇಳಲಿಲ್ಲ, ನೀನು ಬಂದು ಹೇಳೋವರೆಗೂ ನಂಗೆ ಗೊತ್ತೇ ಇಲ್ಲ. ಹಿರಿಯರು ಕೂತಿದ್ದೀರಲ್ಲ, ಊಟಕ್ಕೆ ಮುಂಚೆ ಒಂದು ಮಾತು ಹೇಳಿ: ನಾನು ಅಸೆದಾ ಕೊಟ್ಟಿದ್ದೀನೋ ಇಲ್ವೋ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಎನ್ಟಿಯ ಅಣ್ಣನೂ ಇದ್ದ, ಆ ತೋಟದ ಉರಿ ಇನ್ನೂ ಆರದವನು. ಅವನು ಹಲ್ಲುಕಡ್ಡಿ ಬಾಯಿಂದ ತೆಗೆದು, "ಕೊಟ್ಟಿಲ್ಲ" ಅಂದ. "ಅಂಪೋಫೋನ ಕಾನೂನಿನ ಪ್ರಕಾರವೇ ಕೊಟ್ಟಿಲ್ಲ. ಕೊಟ್ಟಿದ್ದಾಳೆ ಅಂದ್ರೆ, ತೋಟದ ಮಾತು ಮತ್ತೆ ಶುರುಮಾಡೋಣ. ನಂಗೇನೂ ಅವಸರ ಇಲ್ಲ."

ಅಲ್ಲಿಗೆ ಅಂಪೋಫೋನ ಧರ್ಮಶ್ರದ್ಧೆ ಇಳಿದು ಹೋಯಿತು. ಅಕ್ಕನ ಆತ್ಮವೋ ಕೋಕೋ ತೋಟವೋ ಎಂದಾಗ ಅವನು ಹೆಚ್ಚು ಹೊತ್ತು ಯೋಚಿಸಲಿಲ್ಲ. "ಹೋಗು, ಹೋಗು. ನಿನ್ನ ಹಣೆಬರಹ" ಅಂದು ಬಟ್ಟೆ ಕೊಡವಿಕೊಂಡು ಎದ್ದ. ಪೊಕುವಾ ಬಾಗಿಲಿಂದ ಬಂದು ತಾಯಿಯ ಕುರ್ಚಿಯ ಹಿಂದೆ ನಿಂತಳು. "ವೋಫಾ, ನಾಳೆ ನಾನು ಜೊತೆಗೆ ಹೋಗ್ತೀನಿ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ಓಸೊಫೊ ಮಾತ್ರ ಊಟ ಬಿಟ್ಟು ಹೋಗಲಿಲ್ಲ; ಎರಡು ಸಲ ಸಾರು ಹಾಕಿಸಿಕೊಂಡ.

ಎಲ್ಲರೂ ಹೋದ ಮೇಲೆ ನೋಡಿದರೆ ದುಫಿಯೆ ಇನ್ನೂ ಕುರ್ಚಿಯಲ್ಲೇ ಇದ್ದಳು. ಏಳಲು ಕೈ ಊರಿದಳು, ಆಗಲಿಲ್ಲ. ಉಸಿರು ಎಳೆದುಕೊಂಡು ಕೂತಳು.

"ಅಕ್ಕಾ, ನಂದು ನಾನೇ ಕೊಟ್ಟಿದ್ದು. ನನ್ನ ಕೈಯಾರೆ. ಅದನ್ನ ವಾಪಸ್ ತಗೊಳ್ಳೋಕೆ ಆಗುತ್ತಾ?"

ಬಿರಾಗೋ ಕುರ್ಚಿಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದವಳು ನಿಂತಳು. "ಯಾರ ಕೈಗೆ ಕೊಟ್ಟೆ?"

"ಓಸೊಫೊ ಕೈಗೆ."

"ಹಾಗಿದ್ರೆ ದೇವರಿಗೆ ಇನ್ನೂ ಮುಟ್ಟಿಲ್ಲ ಬಿಡು. ಬೆಳಿಗ್ಗೆ ಬೇಗ ಬಾ. ನಿನಗೋಸ್ಕರ ವ್ಯಾನು ಕಾಯಲ್ಲ, ನಾನೂ ಕಾಯಲ್ಲ."

ದುಫಿಯೆ ಬೆಳಗಾಗುವ ಮೊದಲೇ ಬಂದು ಬಾಗಿಲಲ್ಲಿ ಕೂತಿದ್ದಳು. ಬಿಳಿ ಉಟ್ಟಿರಲಿಲ್ಲ, ಮನೆಯಲ್ಲಿ ಉಡುವ ಹಳೆಯ ಬಟ್ಟೆ. ಆಸ್ಪತ್ರೆಯಲ್ಲಿ ಡಾಕ್ಟರ್ ಲಾಮಿಸಿ ಅವಳನ್ನು ಒಳಗೆ ಕರೆದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಬಿರಾಗೋ ತನ್ನ ಸರದಿಗೆ ಕಾಯುತ್ತ ಬೆಂಚಿನ ಮೇಲಿದ್ದಳು. ಪೊಕುವಾ ಔಷಧಿ ತರಲು ಹೋಗಿದ್ದಳು. ಬಾಗಿಲು ತೆರೆದು ದುಫಿಯೆ ಹೊರಗೆ ಬಂದಳು. ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಏನಂದ್ಲು?"

"ಹೊಟ್ಟೇಲಿರೋ ನೀರು ತೆಗೀತಾರಂತೆ. ಉಸಿರಾಟ ಹಗುರ ಆಗುತ್ತಂತೆ. ಅಷ್ಟೇ."

"ಔಷಧಿ?"

"ಹೊತ್ತು ಮೀರಿದೆಯಂತೆ." ದುಫಿಯೆ ತನ್ನ ಕಡ್ಡಿ ತೋಳುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತಳು. "ಪುಣ್ಯಾತ್ಗಿತ್ತಿ, ಸುತ್ತಿ ಬಳಸಿ ಹೇಳಲಿಲ್ಲ. ಆರು ತಿಂಗಳ ಹಿಂದೆ ಬಂದಿದ್ರೂ ಏನಾದ್ರೂ ಮಾಡಬಹುದಿತ್ತು ಅಂದ್ಲು."

ಬಿರಾಗೋ ಓಸೊಫೊನನ್ನು ಬಯ್ಯಲು ಶುರುಮಾಡಿದಳು. ಅವನ ಕನ್ನಡಕ, ಅವನ ಮೈಕು, ಅವನ ಕೋಳಿ ಸಾರು, ಅವನ ಕುರಿ, ಒಂದನ್ನೂ ಬಿಡಲಿಲ್ಲ. ಬಯ್ಗುಳ ಸರಾಗವಾಗಿ ಬರುತ್ತಿತ್ತು. ದುಫಿಯೆ ಕೇಳಿಸಿಕೊಂಡಳು. ಆಮೇಲೆ ಬಿರಾಗೋಳ ಬೋಳು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಅಂಥ ನೋಟವನ್ನು ಬಿರಾಗೋ ತಾನೇ ಎಷ್ಟೋ ಜನರ ಮೇಲೆ ಬೀರಿದ್ದಳು. ತನ್ನ ಮೇಲೆ ಬಿದ್ದದ್ದು ಇದೇ ಮೊದಲು.

"ನನ್ನ ರವಿಕೆ ಪ್ರತಿ ಸಲ ಸಡಿಲ ಮಾಡಿದ್ದು ನೀನೇ ಅಲ್ವಾ ಅಕ್ಕಾ?"

ದುಫಿಯೆ ಟೇಪು ಸುತ್ತುವ ಹಾಗೆ ತನ್ನ ಸೊಂಟದ ಸುತ್ತ ಬೆರಳು ಆಡಿಸಿದಳು.

"ನಿಂಗೆ ಗೊತ್ತಿತ್ತು."

ಸುಳ್ಳು ಹೇಳಬಹುದಿತ್ತು. ನಾನೇನು ಡಾಕ್ಟರೇ ಎಂದು ಜೋರು ಮಾಡಬಹುದಿತ್ತು. ಬಿರಾಗೋ ತನ್ನ ಜೋಮು ಹಿಡಿದ ಬೆರಳುಗಳನ್ನು ಹಿಸುಕಿಕೊಂಡಳು.

"ಗೊತ್ತಿತ್ತು" ಅಂದಳು.

"ಯಾಕೆ ಹೇಳಲಿಲ್ಲ?"

"ನೀನಂದ್ರೆ ನಂಗೆ ಅಸಹ್ಯ ಆಗ್ತಿತ್ತು ಕಣೇ. ಆ ಕುಣಿತ, ಆ ಮೈಕು. ಸಾಯ್ಲಿ ಅಂದುಕೊಂಡೆ."

ದುಫಿಯೆ ತಲೆಯಾಡಿಸಿದಳು, ಮಾರುಕಟ್ಟೆಯಲ್ಲಿ ಕೇಳಿದ್ದೇ ಸರಿಯಾದ ಬೆಲೆ ಎಂದು ಒಪ್ಪಿಕೊಳ್ಳುವವಳ ಹಾಗೆ. ಸಿಟ್ಟು ಮಾಡಲಿಲ್ಲ, ಅಳಲಿಲ್ಲ.

"ಹೇಳಿದ್ರೂ ನಾನು ಕೇಳ್ತಿರಲಿಲ್ಲ. ನಿನ್ನನ್ನೇ ಮೈಕಲ್ಲಿ ಬಯ್ತಿದ್ದೆ" ಅಂದಳು. "ಆದ್ರೂ ನೀನು ಹೇಳಬೇಕಾಗಿತ್ತು."

ಒಳಗಿನಿಂದ ನರ್ಸು ಬಿರಾಗೋಳ ಹೆಸರು ಕೂಗಿದಳು. ಬಿರಾಗೋಗೆ ಕೂಡಲೇ ಏಳಲಾಗಲಿಲ್ಲ. ನರ್ಸು ಇನ್ನೊಮ್ಮೆ ಕೂಗಿದ ಮೇಲೆ ಎದ್ದು, ದುಫಿಯೆಯ ಮುಖ ನೋಡದೆ ಒಳಗೆ ಹೋಗಿ ತೋಳು ಚಾಚಿದಳು.